ಸೆಮ್‌ಗ್ರೆಪ್ ರೂಲ್‌ಗೆ ಟೆಸ್ಟ್ ಬರೆಯುವುದು ಹೇಗೆ

ನಮ್ಮ ಟೀಮಿನಲ್ಲಿ ಸೆಮ್‌ಗ್ರೆಪ್ ರೂಲ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾರೇ ಹೊಸ ರೂಲ್ ಬರೆದು ತಂದರೂ ಮೊದಲು ಟೆಸ್ಟ್ ಫೈಲ್ ತೆರೆಯುತ್ತೇನೆ, ರೂಲ್ ಆಮೇಲೆ. ಸೆಮ್‌ಗ್ರೆಪ್ ಅಂದರೆ ಕೋಡ್ ರನ್ ಮಾಡದೆಯೇ ತಪ್ಪು ಹುಡುಕುವ ಟೂಲ್; ಯಾವುದನ್ನು ಹುಡುಕಬೇಕು ಅಂತ ಅದಕ್ಕೆ ಹೇಳುವುದೇ ರೂಲ್. ಸುಮ್‌ಸುಮ್ನೆ ವಾರ್ನಿಂಗ್ ಕೊಡುತ್ತಿದ್ದರೆ ಜನ ಓದುವುದನ್ನೇ ಬಿಡುತ್ತಾರೆ. ಆಮೇಲೆ ಅದು ನಿಜ ಹೇಳಿದರೂ ಯಾರೂ ಕೇಳಲ್ಲ.

ಒಂದು ರೂಲ್ ಇಟ್ಟುಕೊಂಡೇ ನೋಡೋಣ. ವೆಬ್ ಸರ್ವರ್‌ನಿಂದ ಮಾಹಿತಿ ಕೇಳಲು ಬಳಸುವ ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ತಾನಾಗಿ ಟೈಮ್‌ಔಟ್, ಅಂದರೆ ಎಷ್ಟು ಹೊತ್ತು ಕಾಯಬೇಕೆಂಬ ಮಿತಿ, ಹಾಕಿಕೊಳ್ಳುವುದಿಲ್ಲ. ನಾವೂ ಕೊಡದಿದ್ದರೆ, ಸರ್ವರ್ ಉತ್ತರಿಸದಿದ್ದಾಗ ನಮ್ಮ ಪ್ರೋಗ್ರಾಂ ಕಾಯುತ್ತಲೇ ಕೂರಬಹುದು. ಹಾಗಾಗಿ ಟೈಮ್‌ಔಟ್ ಇಲ್ಲದ ಗೆಟ್ ಕಾಲ್ ಕಂಡರೆ ವಾರ್ನಿಂಗ್ ಕೊಡಬೇಕು.

ರೂಲ್ ಇರುವ ಯಾಮಲ್ ಫೈಲಿನ ಪಕ್ಕದಲ್ಲೇ ಅದೇ ಹೆಸರಿನ ಪೈಥಾನ್ ಫೈಲ್ ಇಡಿ. ವಾರ್ನಿಂಗ್ ಬರಲೇಬೇಕಾದ ಸಾಲಿಗಿಂತ ಒಂದು ಸಾಲು ಮೇಲೆ ‘ರೂಲ್‌ಐಡಿ’ (ruleid) ಎಂಬ ಕಾಮೆಂಟ್, ಕೋಲನ್, ನಿಮ್ಮ ರೂಲಿನ ಹೆಸರು. ಬರಲೇಬಾರದ ಸಾಲಿನ ಮೇಲೆ ಅದೇ ರೀತಿ ‘ಓಕೆ’ (ok). ಸೆಮ್‌ಗ್ರೆಪ್‌ಗೆ ‘ಟೆಸ್ಟ್’ ಆಪ್ಷನ್ ಕೊಟ್ಟು ಫೋಲ್ಡರ್ ತೋರಿಸಿದರೆ ಕಾಮೆಂಟ್‌ಗಳನ್ನೂ ನಿಜವಾಗಿ ಬಂದ ವಾರ್ನಿಂಗ್‌ಗಳನ್ನೂ ಹೋಲಿಸಿ ಹೇಳುತ್ತದೆ.

ಓಕೆ ಸಾಲುಗಳಿಗೆ ಜಾಸ್ತಿ ಸಮಯ ಕೊಡಿ. ಟೈಮ್‌ಔಟ್ 5 ಸೆಕೆಂಡ್ ಎಂದು ಬರೆದ ಸಾಲು ಯಾರಿಗಾದರೂ ಹೊಳೆಯುತ್ತದೆ. ಆದರೆ ಟೈಮ್‌ಔಟ್ ಒಂದು ಡಿಕ್ಷನರಿಯೊಳಗಿದ್ದು, ಎರಡು ನಕ್ಷತ್ರ ಹಾಕಿ ಅದನ್ನು ಬಿಚ್ಚಿ ಕೊಟ್ಟಿದ್ದರೆ? ರೂಲ್‌ಗೆ ಒಳಗಿರುವುದು ಕಾಣುವುದಿಲ್ಲ, ವಾರ್ನಿಂಗ್ ಕೊಟ್ಟುಬಿಡುತ್ತದೆ. ಗೊತ್ತಿಲ್ಲದ ಕಡೆ ಸುಮ್ಮನಿರುವುದೇ ವಾಸಿ ಅನ್ನುವುದು ನನ್ನ ಪಕ್ಷ. ಅದಕ್ಕೆ ಓಕೆ ಬರೆದು, ರೂಲಿನಲ್ಲಿ ಆ ರೂಪವನ್ನು ಹೊರಗಿಡಿ.

ಈಗ ತಿರುಗಿಸಿ ನೋಡಿ. ಯಾರೋ ಟೈಮ್‌ಔಟ್ ಬರೆದು ಅದಕ್ಕೆ ‘ನನ್’ (None, ಪೈಥಾನ್‌ನಲ್ಲಿ ‘ಏನೂ ಇಲ್ಲ’) ಅಂತ ಕೊಟ್ಟಿದ್ದಾರೆ. ಅಂದರೆ ಟೈಮ್‌ಔಟ್ ಇಲ್ಲ ಅಂತಲೇ, ಅಲ್ವಾ? ಆದರೆ ರೂಲ್ ಆ ಪದ ಕಂಡ ಕೂಡಲೇ ಸಮಾಧಾನವಾಗಿ ಮುಂದೆ ಹೋಗುತ್ತದೆ. ಇಲ್ಲಿ ರೂಲ್‌ಐಡಿ ಕಾಮೆಂಟ್ ಹಾಕಿ, ಟೆಸ್ಟ್ ಫೇಲ್ ಆಗುವುದನ್ನು ಕಣ್ಣಾರೆ ನೋಡಿ, ಆಮೇಲೆ ರೂಲಿಗೆ ಎರಡನೇ ಪ್ಯಾಟರ್ನ್ (ಹುಡುಕಬೇಕಾದ ಕೋಡಿನ ಮಾದರಿ) ಸೇರಿಸಿ.

ಸೆಷನ್ ಆಬ್ಜೆಕ್ಟ್ ಮೂಲಕ ಮಾಡಿದ ಗೆಟ್ ಈ ರೂಲಿಗೆ ಸಿಗುವುದಿಲ್ಲ. ಅದನ್ನು ಮುಚ್ಚಿಡಬೇಡಿ. ‘ಟೂಡೂರೂಲ್‌ಐಡಿ’ (todoruleid) ಎಂಬ ಕಾಮೆಂಟ್ ಇರುವುದೇ ಇದಕ್ಕೆ: ಹಿಡಿಯಬೇಕಿತ್ತು, ಸದ್ಯಕ್ಕೆ ಹಿಡಿಯುತ್ತಿಲ್ಲ ಅಂತ. ಮುಂದೆ ರೂಲ್ ನೋಡುವವರಿಗೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತದೆ.

ಎಲ್ಲ ಪಾಸ್ ಆಯಿತಾ? ಈಗ ರೂಲಿನಿಂದ ಒಂದು ಪ್ಯಾಟರ್ನ್ ಅಳಿಸಿ ಮತ್ತೆ ಟೆಸ್ಟ್ ಓಡಿಸಿ. ಆಗಲೂ ಪಾಸ್ ಆದರೆ ಆ ಪ್ಯಾಟರ್ನ್‌ಗೆ ಟೆಸ್ಟೇ ಇಲ್ಲ ಎಂದರ್ಥ. ಪ್ರತಿಯೊಂದಕ್ಕೂ ಹೀಗೆ ಮಾಡಿ.

ವಾರ್ನಿಂಗಿನ ಕಾಲಂ ನಂಬರನ್ನು ಎಡಿಟರ್‌ನಲ್ಲಿ ಬಳಸುವವರು ಅದೇ ಸಾಲಿನಲ್ಲಿ ಕನ್ನಡ ಸ್ಟ್ರಿಂಗ್ ಇರುವ ಒಂದು ಕಾಲ್ ಕೂಡ ಪರೀಕ್ಷಿಸಿ. ‘ಕ್ಷ’ ನಮಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ 3 ಸಂಕೇತ, ಯುಟಿಎಫ್-8ರಲ್ಲಿ 9 ಬೈಟ್. ಒಂದು ಟೂಲ್ ಬೈಟ್ ಎಣಿಸಿ ಇನ್ನೊಂದು ಸಂಕೇತ ಎಣಿಸಿದರೆ ಕೆಂಪು ಗೆರೆ ಬೇರೆಲ್ಲೋ ಬೀಳುತ್ತದೆ.

ಕೊನೆಗೆ ಇದನ್ನು ಸಿಐಗೆ, ಅಂದರೆ ಕೋಡ್ ಬದಲಾದಾಗ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಗೆ, ಹಾಕಿ. ಜೊತೆಗೆ ನಿಮ್ಮದೇ ಹಳೆಯ ರೆಪೊ (ಕೋಡ್ ಸಂಗ್ರಹ) ಒಂದರ ಮೇಲೆ ರೂಲ್ ಓಡಿಸಿ, ಫಲಿತಾಂಶವನ್ನು ಜೇಸನ್ ಫೈಲಾಗಿ ಉಳಿಸಿಡಿ. ಆ ರೆಪೊ ಅದೇ ಕಮಿಟ್‌ನಲ್ಲಿ, ಅಂದರೆ ಕೋಡ್ ಬದಲಾಗದೆ ಹಾಗೆಯೇ, ಇರಲಿ. ರೂಲ್ ಅಥವಾ ಸೆಮ್‌ಗ್ರೆಪ್ ವರ್ಷನ್ ಬದಲಾದಾಗ ಮತ್ತೆ ಓಡಿಸಿ, ಹಳೆಯ ಫಲಿತಾಂಶಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ (ಡಿಫ್) ನೋಡಿ. ಹೊಸದಾಗಿ ಬಂದ ವಾರ್ನಿಂಗ್‌ಗಳಷ್ಟೇ ಅಲ್ಲ, ಕಾಣೆಯಾದವನ್ನೂ ಒಂದೊಂದಾಗಿ ತೆರೆದು ಓದಿ.