ಗೆಳೆಯರ ಮನೆ ಮುಂದೆ ಆರ್‌ವಿ: ಎಡಿಸನ್‌ನಿಂದ ಷಾರ್ಲೆಟ್‌ವರೆಗೆ

ಬೇಸಿಗೆಯಲ್ಲಿ ನ್ಯೂಜೆರ್ಸಿಯ ಎಡಿಸನ್‌ನಿಂದ ಹೊರಟು ವರ್ಜೀನಿಯದ ಆ್ಯಶ್‌ಬರ್ನ್, ನಾರ್ತ್ ಕ್ಯಾರೊಲಿನದ ಕೇರಿ ಮತ್ತು ಷಾರ್ಲೆಟ್ ಎಂದು ಕನ್ನಡದ ಗೆಳೆಯರ ಮನೆಗಳಲ್ಲೇ ತಂಗುತ್ತಾ ನಾವಿಬ್ಬರು ಬಾಡಿಗೆ ಆರ್‌ವಿಯಲ್ಲಿ, ಅಂದರೆ ಹಾಸಿಗೆ, ಅಡುಗೆಮನೆ, ಶೌಚಾಲಯ ಇರುವ ಮನೆಯಂಥ ಗಾಡಿಯಲ್ಲಿ ಹೋಗುತ್ತೇವೆ. ಇಬ್ಬರಿಗೆ 25 ಅಡಿಯ ಕ್ಲಾಸ್ ಸಿ ಎಂಬ ಮಧ್ಯಮ ಗಾತ್ರದ್ದು ಸಾಕು. ಗ್ಯಾಲನ್‌ಗೆ 8ರಿಂದ 10 ಮೈಲಿ ಓಡುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಹೆದ್ದಾರಿಯಲ್ಲಿ ಓಡಿಸುವುದು ಬೇಗ ಕೈಗೆ ಹತ್ತುತ್ತದೆ. ನಿಜವಾದ ತಲೆನೋವು ಗೆಳೆಯರ ಡ್ರೈವ್‌ವೇಯಲ್ಲಿ, ಜುಲೈ ಸೆಕೆಯಲ್ಲಿ, ರಾತ್ರಿಯಿಡೀ ಎಸಿ ಓಡಿಸುವುದು.

ಹಾಗಾಗಿ ಹೊರಡುವ ಮೊದಲೇ ಪ್ರತಿ ಮನೆಯಿಂದ ಫೋಟೋ ತರಿಸಿಕೊಳ್ಳುತ್ತೇವೆ: ರಸ್ತೆಯಿಂದ ಕಾಣುವ ಡ್ರೈವ್‌ವೇ, ಗ್ಯಾರೇಜಿನ ಪ್ಲಗ್ ಪಾಯಿಂಟುಗಳು, ಬ್ರೇಕರ್ ಪೆಟ್ಟಿಗೆ. ಮೊದಲನೆಯದರಲ್ಲಿ ಇಳಿಜಾರು, ಬಾಗಿದ ಕೊಂಬೆ ಗೊತ್ತಾಗುತ್ತವೆ. ರಸ್ತೆಗೂ ಡ್ರೈವ್‌ವೇಗೂ ನಡುವೆ ತಗ್ಗಿದ್ದರೆ ಗಾಡಿಯ ಹಿಂಭಾಗ ನೆಲಕ್ಕೆ ಉಜ್ಜುತ್ತದೆ. ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ಎಷ್ಟು ರಾತ್ರಿ ನಿಲ್ಲಿಸಲು ಬಿಡುತ್ತದೆ ಎಂಬುದನ್ನೂ ಗೆಳೆಯರೇ ಕೇಳಿ ತಿಳಿಸಬೇಕು. ಹಲವು ಕಡೆ ಒಂದೆರಡು ದಿನ ದಾಟಿದರೆ ನೋಟಿಸು ಬರುತ್ತದೆ.

ಆರ್‌ವಿಯ ಪ್ಲಗ್ 30 ಆಂಪಿನದು, ಮನೆಯದು ಸಾಮಾನ್ಯವಾಗಿ 15 ಆಂಪಿನದು. ಅಡಾಪ್ಟರ್ ಹಾಕಿದರೆ ಪ್ಲಗ್ ಕೂರುತ್ತದೆ, ಕರೆಂಟ್ ಹೆಚ್ಚಾಗುವುದಿಲ್ಲ. 120 ವೋಲ್ಟಿಗೆ 15 ಆಂಪ್ ಎಂದರೆ 1800 ವಾಟ್. ಗಂಟೆಗಟ್ಟಲೆ ಎಳೆಯುವ ಲೋಡಿಗೆ ಅದರ ಶೇ 80 ಮಾತ್ರ ಲೆಕ್ಕ, ಅಂದರೆ 12 ಆಂಪ್. ಚಾವಣಿಯ 13,500 ಬಿಟಿಯು ಎಸಿ ಒಂದೇ ಹೆಚ್ಚುಕಡಿಮೆ ಅಷ್ಟನ್ನೂ ನುಂಗುತ್ತದೆ. ಎಸಿ ಹಾಕುವ ಮುನ್ನ ಫ್ರಿಜ್, ಗೀಸರ್ ಎರಡನ್ನೂ ಗ್ಯಾಸಿಗೆ ತಿರುಗಿಸಿ, ಮೈಕ್ರೋವೇವ್ ಮುಟ್ಟಬೇಡಿ, ಮಿಕ್ಸಿಯನ್ನು ಗೆಳೆಯರ ಅಡುಗೆಮನೆಯಲ್ಲೇ ತಿರುಗಿಸಿ.

ಇಷ್ಟೆಲ್ಲ ಮಾಡಿದರೂ ನಡುರಾತ್ರಿ ಬ್ರೇಕರ್ ಬಿದ್ದರೆ ಗ್ಯಾರೇಜಿನ ಎರಡನೇ ಫ್ರಿಜ್ ನೋಡಿ. ನಮ್ಮವರ ಮನೆಗಳಲ್ಲಿ ಅದು ಇದ್ದೇ ಇರುತ್ತದೆ, ಬಹುತೇಕ ಅದೇ ಲೈನಿನಲ್ಲಿ. ಬೆಳಗಾಗುವ ಹೊತ್ತಿಗೆ ಅವರ ಕಾಯಿತುರಿ, ದೋಸೆಹಿಟ್ಟು ಎರಡೂ ಹಾಳು. ಬೇರೆ ಬ್ರೇಕರಿನ ಪಾಯಿಂಟ್ ಹುಡುಕುವುದೇ ದಾರಿ. ಶಾಕ್ ತಡೆಯಲು ತಾನಾಗಿ ಆಫ್ ಆಗುವ ಜಿಎಫ್‌ಸಿಐ ಸಾಕೆಟ್ ಬೀಳುತ್ತಿದ್ದರೆ ಕಾರಣ ಓವರ್‌ಲೋಡ್ ಅಲ್ಲ, ಕರೆಂಟ್ ಸೋರಿಕೆ: ತೇವ ಹಿಡಿದ ಪ್ಲಗ್ ಅಥವಾ ಗೀಸರ್ ಎಲಿಮೆಂಟ್. ಆರ್‌ವಿಯ ಬ್ರೇಕರುಗಳನ್ನೆಲ್ಲ ಆಫ್ ಮಾಡಿ ಪ್ಲಗ್ ಹಾಕಿ, ಆಮೇಲೆ ಒಂದೊಂದೇ ಆನ್ ಮಾಡುತ್ತಾ ಹೋದರೆ ಕಳ್ಳ ಸಿಗುತ್ತಾನೆ.

ಎಕ್ಸ್‌ಟೆನ್ಷನ್ ವೈರು 10 ಗೇಜಿನದಿರಲಿ (ಗೇಜಿನ ಅಂಕಿ ಚಿಕ್ಕದಾದಷ್ಟೂ ವೈರು ದಪ್ಪ). ಹುಲ್ಲು ಕತ್ತರಿಸುವ ಯಂತ್ರದ ಕಿತ್ತಳೆ ಬಣ್ಣದ 16 ಗೇಜ್ ವೈರು ಕಾದು ಪ್ಲಗ್ಗನ್ನೇ ಕರಗಿಸಬಹುದು. ಒಳಗೊಂದು ವೋಲ್ಟ್‌ಮೀಟರ್ ಚುಚ್ಚಿಡಿ. 105ಕ್ಕಿಂತ ಕೆಳಗಿಳಿದರೆ ಎಸಿ ನಿಲ್ಲಿಸಿ, ಇಲ್ಲವಾದರೆ ಕಂಪ್ರೆಸರ್ ಸುಡುತ್ತದೆ.

ಎಲೆಕ್ಟ್ರಿಕ್ ಕಾರಿಗೆಂದು 240 ವೋಲ್ಟ್, 50 ಆಂಪಿನ ‘14-50’ ಸಾಕೆಟ್ ಹಾಕಿಸಿಕೊಂಡ ಗೆಳೆಯರು ಈಗ ಹೆಚ್ಚು, ಅವರ ಮನೆಯಲ್ಲಿ ಎರಡು ರಾತ್ರಿ ಹೆಚ್ಚಿಗೆ ಇರಿ. 50ರಿಂದ 30ಕ್ಕೆ ಇಳಿಸುವ ಅಡಾಪ್ಟರ್ ಅದರ ಎರಡು ಫೇಸ್‌ಗಳಲ್ಲಿ ಒಂದನ್ನೇ ತೆಗೆದುಕೊಳ್ಳುವುದರಿಂದ 120 ವೋಲ್ಟಿನಲ್ಲಿ ಪೂರ್ತಿ 30 ಆಂಪ್ ಸಿಗುತ್ತದೆ. ಚಾರ್ಜರನ್ನು ನೇರವಾಗಿ ಗೋಡೆಯ ವೈರಿಗೇ ಜೋಡಿಸಿದ್ದರೆ ಉಪಯೋಗವಿಲ್ಲ. ಇನ್ನು ‘ನಿಮಗೋಸ್ಕರ 30 ಆಂಪ್ ಸಾಕೆಟ್ ಹಾಕಿಸಿದ್ದೇವೆ’ ಎಂದರೆ ಸಂತೋಷಪಡುವ ಮೊದಲು ಮಲ್ಟಿಮೀಟರ್ ಇಡಿ. ಬಟ್ಟೆ ಒಣಗಿಸುವ ಡ್ರೈಯರಿನ ಲೈನೆಂದುಕೊಂಡು ಕೆಲವು ಎಲೆಕ್ಟ್ರಿಷಿಯನ್ನರು ಅದಕ್ಕೆ 240 ವೋಲ್ಟ್ ಕೊಟ್ಟುಬಿಡುತ್ತಾರೆ. ಚುಚ್ಚಿದ ಕ್ಷಣವೇ ಒಳಗಿನ ಉಪಕರಣಗಳು ಸುಡುತ್ತವೆ.

ಗಾಡಿಯನ್ನು ಮಟ್ಟವಾಗಿ ನಿಲ್ಲಿಸುವುದು ನಿದ್ದೆಗಾಗಿ ಮಾತ್ರವಲ್ಲ. ಗ್ಯಾಸಿನಲ್ಲೂ ಓಡುವ ಫ್ರಿಜ್ಜಿನಲ್ಲಿ ಅಮೋನಿಯ ದ್ರಾವಣ ತನ್ನ ಭಾರದಿಂದಲೇ ಕೆಳಗೆ ಹರಿಯಬೇಕು. ಅಡ್ಡಕ್ಕೆ ಸುಮಾರು 3 ಡಿಗ್ರಿ, ಉದ್ದಕ್ಕೆ 6 ಡಿಗ್ರಿಗಿಂತ ಹೆಚ್ಚು ವಾಲಿದರೆ ಅದು ನಿಂತು, ಬಾಯ್ಲರ್ ಕಾದು, ಫ್ರಿಜ್ ಶಾಶ್ವತವಾಗಿ ಕೆಡುತ್ತದೆ. ಚಕ್ರದಡಿ ಪ್ಲಾಸ್ಟಿಕ್ ಬ್ಲಾಕ್ ಇಟ್ಟು, ಉರುಳದಂತೆ ಚಕ್ರಕ್ಕೆ ಚೋಕ್ (ಅಡ್ಡಗಟ್ಟೆ) ಕೊಟ್ಟು, ಆಮೇಲೆ ಫ್ರಿಜ್ ಹಾಕಿ.

ನೀರಿಗೆ ಕುಡಿಯುವ ನೀರಿನ ಬಿಳಿ ಪೈಪು, ನಲ್ಲಿಯ ಕಡೆಯ ತುದಿಗೆ ಒತ್ತಡ ತಗ್ಗಿಸುವ 45 ಪಿಎಸ್‌ಐ ರೆಗ್ಯುಲೇಟರ್. ಕೊಳಚೆ ಟ್ಯಾಂಕುಗಳನ್ನು ಗೆಳೆಯರ ಮನೆಯಲ್ಲಿ ಖಾಲಿ ಮಾಡುವ ಮಾತೇ ಬೇಡ. ಸ್ನಾನ ಅವರ ಮನೆಯಲ್ಲಿ ಮಾಡಿ, ಎರಡು ಮನೆಗಳ ನಡುವೆ ಒಂದು ರಾತ್ರಿ ಎಲ್ಲ ಸೌಕರ್ಯವಿರುವ ಕ್ಯಾಂಪ್‌ಗ್ರೌಂಡಿಗೆ ಹೋಗಿ. ಅಲ್ಲಿ ಮೊದಲು ಶೌಚದ ಕಪ್ಪು ಟ್ಯಾಂಕ್, ಆಮೇಲೆ ಪಾತ್ರೆ ತೊಳೆದ ಬೂದು ಟ್ಯಾಂಕ್. ಬೂದು ನೀರೇ ಪೈಪನ್ನು ತೊಳೆಯುತ್ತದೆ. ಕಪ್ಪು ಟ್ಯಾಂಕಿನ ವಾಲ್ವನ್ನು ಎಂದೂ ತೆರೆದಿಡಬೇಡಿ: ನೀರು ಹರಿದುಹೋಗಿ ಗಟ್ಟಿ ಉಳಿದು ಗುಡ್ಡೆಯಾಗುತ್ತದೆ. ಒಗ್ಗರಣೆ ಎಣ್ಣೆಯನ್ನು ಪೇಪರಿನಲ್ಲಿ ಒರೆಸಿಯೇ ಪಾತ್ರೆ ತೊಳೆಯಿರಿ. ಒಗ್ಗರಣೆಗೆ ಮುನ್ನ ಚಾವಣಿಯ ಫ್ಯಾನ್ ಹಾಕದಿದ್ದರೆ ಸ್ಮೋಕ್ ಅಲಾರಂ ಇಡೀ ಬೀದಿಯನ್ನು ಎಬ್ಬಿಸುತ್ತದೆ.

ದಾರಿಯಲ್ಲಿ ಎಚ್ಚರ ಬೇಕಾದದ್ದು ಬಾಲ್ಟಿಮೋರ್. ಐ-95ರ ಫೋರ್ಟ್ ಮೆಕ್‌ಹೆನ್ರಿ ಸುರಂಗ, ಐ-895ರ ಹಾರ್ಬರ್ ಸುರಂಗ ಎರಡರಲ್ಲೂ 10 ಪೌಂಡ್ ಮೀರಿದ ಪ್ರೋಪೇನ್ ಸಿಲಿಂಡರಿಗೆ ಪ್ರವೇಶವಿಲ್ಲ, ಆರ್‌ವಿಯ ಟ್ಯಾಂಕು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಮೊದಲು ಬಂದರಿನ ಮೇಲಿನ ಕೀ ಸೇತುವೆ ಬಳಸಬಹುದಿತ್ತು, 2024ರ ಮಾರ್ಚಿನಲ್ಲಿ ಹಡಗು ಬಡಿದು ಅದು ಕುಸಿಯಿತು. ನಾವು ಐ-695ರಲ್ಲಿ ಊರಿನ ಪಶ್ಚಿಮಕ್ಕೆ ಬಳಸಿ ಹೋಗುತ್ತೇವೆ. ಕಾರಿನ ಜಿಪಿಎಸ್ ಇದನ್ನು ಹೇಳುವುದಿಲ್ಲ. ವರ್ಜೀನಿಯದ ಸ್ಕೈಲೈನ್ ಡ್ರೈವ್ ಹಿಡಿಯುವುದಾದರೆ ಮೇರೀಸ್ ರಾಕ್ ಸುರಂಗದ ಎತ್ತರ 12 ಅಡಿ 8 ಅಂಗುಲ. ಬಾಡಿಗೆ ಪತ್ರದಲ್ಲಿ ಬರೆದ ಎತ್ತರ ಚಾವಣಿಯ ಎಸಿಯನ್ನೂ ಸೇರಿಸಿದೆಯೇ ಎಂದು ಟೇಪ್ ಹಿಡಿದು ಅಳೆದುಕೊಂಡು, ಆ ಅಂಕಿಯನ್ನು ಸ್ಟೇರಿಂಗ್ ಪಕ್ಕ ಅಂಟಿಸಿಕೊಳ್ಳಿ.