ಬಳ್ಳಾರಿ ಜಾಲಿಯ ನಡುವೆ ಕಮರ ಬೆಳೆಸುವುದು ಹೇಗೆ?

ನಮ್ಮೂರಿನ ಹೆಸರು ಹೊತ್ತ ಗಿಡವೊಂದಿದೆ, ಬಳ್ಳಾರಿ ಜಾಲಿ. ಅದರ ತವರು ದೂರದ ಅಮೆರಿಕ ಖಂಡ. ನಿಜಕ್ಕೂ ಈ ಸೀಮೆಯ ಮರ ಕಮರ. ಸಂಡೂರಿನಿಂದ ಕೊಪ್ಪಳದವರೆಗೆ ಬಸ್ಸಿನ ಕಿಟಕಿ ಪಕ್ಕ ಕೂತು ನೋಡಿ. ಜಾಲಿ ಎಣಿಸಿ ಮುಗಿಯುವುದಿಲ್ಲ. ಕಮರ ಕಂಡರೆ ನನಗೂ ಹೇಳಿ.

ಗುರುತು ಸುಲಭ. ಎಲೆ ಜೋಡಿಯಾಗಿರುತ್ತದೆ. ಮಂದಾರದ ಎಲೆ ಅರ್ಧಕ್ಕೆ ಸೀಳಿದ್ದರೆ ಇದು ಬುಡದವರೆಗೂ ಸೀಳಿರುತ್ತದೆ. ಚಿಗುರು ಕೆಂಪು. ಕಾಯಿ ಒಣಗಿದ ಕಾಗದದ ಪಟ್ಟಿಯ ಹಾಗೆ ತೆಳ್ಳಗೆ, ತುದಿಯಲ್ಲಿ ಒಂದೇ ಒಂದು ಬೀಜ. ಕಟ್ಟಿಗೆ ಕಬ್ಬಿಣದಂಥ ಭಾರ. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು, ಸೊಪ್ಪು ದನಕ್ಕೆ ಮೇವು. ಎಲ್ಲಕ್ಕೂ ಬೇಕಾದದ್ದೇ ಅದಕ್ಕೆ ಮುಳುವಾಯಿತು.

ಮೊದಲು ತಾಯಿಮರ

ಗುದ್ದಲಿ ಹಿಡಿಯುವ ಮುಂಚೆ ಒಂದು ಬೇಸಿಗೆ ಸುಮ್ನೆ ಓಡಾಡಿ. ಹಳೆಯ ಮರ ಎಲ್ಲಿದೆ ಅಂತ ಕುರಿಗಾಹಿಗಳಿಗೆ ಗೊತ್ತಿರುತ್ತದೆ. ಕಾಯಿ ಒಣಗುವುದು ಏಪ್ರಿಲ್–ಮೇ ತಿಂಗಳಲ್ಲಿ, ಅದೂ ಪ್ರತಿ ವರ್ಷ ಭರ್ತಿ ಬಿಡುವುದಿಲ್ಲ. ಬಿಟ್ಟ ವರ್ಷ ಮರದ ಕೆಳಗೆ ತಾಡಪತ್ರಿ ಹಾಸಿ, ಉದುರಿದ್ದನ್ನು ಮಾತ್ರ ಆರಿಸಿ. ಒಂದೇ ಮರದ ಬೀಜ ಬೇಡ, ಎಲ್ಲವೂ ಒಂದೇ ತಾಯಿಯ ಮಕ್ಕಳಾಗಿಬಿಡುತ್ತವೆ. ಹತ್ತಾರು ಮರದಿಂದ ಸ್ವಲ್ಪ ಸ್ವಲ್ಪ ತನ್ನಿ, ಜಾಸ್ತಿ ಪಾಲು ಅಲ್ಲೇ ಬಿಡಿ. ಹುಳ ಕೊರೆದದ್ದು ಎಸೆದು, ಉಳಿದದ್ದನ್ನು ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿಡಿ. ಆ ವರ್ಷದ ಬೀಜ ಆ ವರ್ಷವೇ ಬಿತ್ತಬೇಕು.

ಅರಣ್ಯ ಭೂಮಿಯಾದರೆ ಬೀಜ ಆರಿಸುವುದಕ್ಕೂ ವಲಯ ಅರಣ್ಯಾಧಿಕಾರಿಯ (ಆರ್‌ಎಫ್‌ಒ) ಅನುಮತಿ ಕೇಳಿ. ಊರ ಗುಂಡುತೋಪು, ದೇವರ ಕಾಡು ಆದರೆ ಪಂಚಾಯಿತಿಗೆ ಹೋಗಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅಲ್ಲೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನೀವು ಕಂಡ ತಾಯಿಮರಗಳನ್ನು ಅವರ ದಾಖಲಾತಿ ಪುಸ್ತಕದಲ್ಲಿ ಬರೆಸಿ.

ಬೇರಿನ ಲೆಕ್ಕ

ನಾನು ಎಡವಿದ್ದು ಇಲ್ಲೇ. ಮೊದಲ ಸಲ ಒಂದು ನರ್ಸರಿಯಿಂದ 40 ಸಸಿ ತಂದು ಗುಡ್ಡದಲ್ಲಿ ನೆಟ್ಟೆ. ನೋಡಲು ಚೆಂದ ಇದ್ದವು. ಮಾರ್ಚ್ ಹೊತ್ತಿಗೆ ಎಲ್ಲಾ ಒಣ ಕಡ್ಡಿ. ಒಂದನ್ನು ಕಿತ್ತು ನೋಡಿದರೆ ತಾಯಿಬೇರು ಚೀಲದ ತಳದಲ್ಲಿ ಜಿಲೇಬಿ ಸುತ್ತಿದಂತೆ ಸುತ್ತಿತ್ತು! ಅಲ್ಲಿ ಕುರಿ ಮೇಯಿಸುತ್ತಿದ್ದ ತಾತ ನಕ್ಕರು: “ಅದರ ಬೇರು ಪಾತಾಳಕ್ಕ ಹೋಗತೈತಿ ತಮ್ಮಾ, ನೀ ಚೀಲದಾಗ ಕಟ್ಟಿ ಹಾಕೀದಿ.”

ಕಮರ ಮೊದಲ ವರ್ಷಗಳಲ್ಲಿ ಮೇಲೆ ಬೆಳೆಯುವುದೇ ಇಲ್ಲ ಎನ್ನುವಷ್ಟು ನಿಧಾನ. ಎಲ್ಲ ಶಕ್ತಿ ಬೇರಿಗೆ ಹೋಗುತ್ತದೆ. ಕಲ್ಲು ನೆಲದಲ್ಲೂ ಬದುಕುವುದು ಅದರಿಂದಲೇ. ಅದಕ್ಕೇ ಬೀಜವನ್ನು ನೇರ ಜಾಗದಲ್ಲೇ ಬಿತ್ತುವುದು ಒಳ್ಳೆಯದು. ಕಾಯಿಯ ರೆಕ್ಕೆ ಕತ್ತರಿಸಿ, ಬೀಜವಿರುವ ತುದಿ ಕೆಳಗೆ ಮಾಡಿ, ಒಂದು ಇಂಚು ಆಳಕ್ಕೆ, ಒಂದು ಗುಣಿಗೆ ಮೂರರಂತೆ ಹಾಕಿ. ಸಸಿಯೇ ಬೇಕೆಂದರೆ ಒಂದೂವರೆ ಅಡಿ ಉದ್ದದ ಚೀಲದಲ್ಲಿ ಬೆಳೆಸಿ. ಬೇರು ತಳ ಮುಟ್ಟುವ ಮೊದಲೇ ನೆಟ್ಟುಬಿಡಿ.

ಯಾವಾಗ ಬಿತ್ತಬೇಕು? ಮಳೆ ಬಂತೆಂದು ಜೂನ್‌ನಲ್ಲೇ ಎಲ್ಲವನ್ನೂ ಹಾಕಬೇಡಿ. ನಮ್ಮ ಕಡೆ ಜುಲೈ ಕೈಕೊಡುವುದು ಹೊಸದೇನಲ್ಲ, ಜಾಸ್ತಿ ಮಳೆ ಸೆಪ್ಟೆಂಬರ್‌ನಲ್ಲಿ. ಅರ್ಧ ಬೀಜ ಜೂನ್‌ನಲ್ಲಿ ಎರಡು ಹದ ಮಳೆಯಾದ ಮೇಲೆ, ಇನ್ನರ್ಧ ಆಗಸ್ಟ್–ಸೆಪ್ಟೆಂಬರ್‌ನ ಮಘೆ–ಹುಬ್ಬೆ ಮಳೆಗೆ. ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಇಳಿಜಾರಾದರೆ ಗುಣಿಯ ಕೆಳಬದಿಗೆ ಅರ್ಧಚಂದ್ರದ ಹಾಗೆ ಕಲ್ಲು ಜೋಡಿಸಿ, ಹರಿದು ಬಂದ ನೀರು ನಿಲ್ಲುತ್ತದೆ.

  

ಜಾಲಿ ಮತ್ತು ಕುರಿ

ಗುಡ್ಡದ ಜಾಲಿಯನ್ನೆಲ್ಲ ಜೆಸಿಬಿ ತರಿಸಿ ಕೀಳಿಸಬೇಡಿ. ಕೆದರಿದ ಮಣ್ಣಿನಲ್ಲಿ ಮೊದಲು ಏಳುವುದು ಕಾಂಗ್ರೆಸ್ ಕಳೆ. ಗುಣಿಯ ಸುತ್ತ ನಾಲ್ಕೈದು ಅಡಿ ತೆಗೆದರೆ ಸಾಕು. ಮೇಲೆ ಕಡಿದರೆ ಒಂದಕ್ಕೆ ನಾಲ್ಕು ಚಿಗುರುತ್ತದೆ, ಬುಡ ಅಗೆದು ತೆಗೆಯಬೇಕು. ಕಡಿದ ಮುಳ್ಳಿನ ಕೊಂಬೆಗಳನ್ನೇ ಕಮರದ ಸುತ್ತ ಬೇಲಿಯಾಗಿ ಕಟ್ಟಿ, ವೈರಿಯೇ ಕಾವಲುಗಾರ. ಕಾಯಿ ಇರುವ ಕೊಂಬೆ ಮಾತ್ರ ಬೇಡ. ಕುರಿ ಆ ಕಾಯಿ ತಿಂದು ಹಿಕ್ಕೆಯಲ್ಲಿ ಊರೆಲ್ಲಾ ಬೀಜ ಹಂಚುತ್ತದೆ. ಕುರಿಗಾಹಿಯನ್ನು ಬೈದು ಓಡಿಸುವುದೂ ಬೇಡ. ದಾರಿ ಎಲ್ಲಿ, ಗುಣಿ ಎಲ್ಲಿ ಅಂತ ಒಂದು ಚಹಾ ಕುಡಿಯುತ್ತ ಮಾತಾಡಿಕೊಳ್ಳಿ. ನನ್ನ ಗಿಡಗಳನ್ನು ಈಗ ನೋಡಿಕೊಳ್ಳುತ್ತಿರುವುದು ಆ ತಾತನೇ.

ಜನವರಿಗೆ ಮುಂಚೆ ಗುಣಿ ಸುತ್ತಲಿನ ಒಣ ಹುಲ್ಲು ಕೊಯ್ಯಿರಿ, ಬೆಂಕಿ ಬಂದರೆ ದಾಟುವುದಿಲ್ಲ. ಬೇಸಿಗೆಯಲ್ಲಿ ಎಳೆ ಗಿಡ ಮೇಲಿನಿಂದ ಒಣಗಿ ಸತ್ತಂತೆ ಕಾಣಬಹುದು. ಕಿತ್ತು ಎಸೆಯಬೇಡಿ. ಬುಡದ ಹತ್ತಿರ ಹೆಬ್ಬೆರಳ ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಮುಳ್ಳುಬೇಲಿ ಸರಿಮಾಡಿ, ಮುಂದಿನ ಮಳೆಗೆ ಕಾಯಿರಿ.