ಬಂಗುಡೆ ರೇಟಿಗೆ ಹೆಸರಿಟ್ಟದ್ದು: ಎನ್‌ಡಿಎನ್‌ನಲ್ಲಿ ನನ್ನ ಅನುಭವ

ಮಲ್ಪೆಯಲ್ಲಿ ನಮ್ಮ ಭಾವನ ಐಸ್ ಪ್ಲಾಂಟ್ ಉಂಟು. ಬಂದರಲ್ಲಿ ಏಲಂ ಆದ ಮೀನಿನ ರೇಟು ಅಲ್ಲಿಂದ ಮಂಗಳೂರಿನ ಬಿಜೈಗೆ, ನಮ್ಮ ಮನೆಗೆ ಬರ್ಬೇಕು, ಅದೂ ಎನ್‌ಡಿಎನ್ (ನೇಮ್ಡ್ ಡೇಟಾ ನೆಟ್‌ವರ್ಕಿಂಗ್, ಹೆಸರಿನ ಮೇಲೆ ನಡೆಯುವ ನೆಟ್‌ವರ್ಕ್) ಮೇಲೆ, ಇಷ್ಟೇ ನಾನು ಮಾಡ್ಲಿಕ್ಕೆ ಹೊರಟದ್ದು. ಮೂರು ರಾಸ್ಪ್‌ಬೆರಿ ಪೈ ಅಂತ ಸಣ್ಣ ಕಂಪ್ಯೂಟರ್, ಮೂರರಲ್ಲೂ ಎನ್‌ಎಫ್‌ಡಿ (ಎನ್‌ಡಿಎನ್ ಪ್ಯಾಕೆಟನ್ನ ಮುಂದೆ ಕಳಿಸುವ ಸಾಫ್ಟ್‌ವೇರ್): ಒಂದು ಮಲ್ಪೆ, ಒಂದು ಮನೆ, ನಡುವೆ ಸುರತ್ಕಲ್‌ನಲ್ಲಿ ದೋಸ್ತಿಯ ಮನೆಯಲ್ಲಿ ಇನ್ನೊಂದು. ಇನ್‌ಸ್ಟಾಲ್‌ಗೆ ಒಂದು ದಿನ ಸಾಕಾಯ್ತು, ಹೆಸರು ಸರಿ ಮಾಡ್ಲಿಕ್ಕೆ ಒಂದು ತಿಂಗಳು ಹಿಡೀತು.

ಗೊತ್ತಿಲ್ಲದವರಿಗೆ ಹೇಳ್ತೇನೆ, ಎನ್‌ಡಿಎನ್‌ನಲ್ಲಿ ಯಾವ ಮೆಷಿನ್ ಅಂತ ಕೇಳುದಲ್ಲ, ಯಾವ ಡೇಟಾ ಅಂತ ಹೆಸರು ಹಿಡಿದು ಕೇಳುದು. ಕೇಳುವ ಪ್ಯಾಕೆಟಿಗೆ ಇಂಟರೆಸ್ಟ್ ಅಂತ ಹೆಸರು, ದಾರಿಯಲ್ಲಿ ಯಾರ ಹತ್ರ ಆ ಡೇಟಾ ಇದ್ರೂ ಅವರೇ ಕೊಡ್ತಾರೆ. 2009ರಲ್ಲಿ ವ್ಯಾನ್ ಜೇಕಬ್ಸನ್ ಮತ್ತೆ ಅವರ ಜೊತೆಯವರು ಬರೆದ ಪೇಪರಿಂದ ಬೆಳೆದು ಬಂದದ್ದು.

ಶುರುವಿಗೆ /ಬಂಗುಡೆ/ಮಲ್ಪೆ, /ಅಂಜಲ್/ಮಲ್ಪೆ ಅಂತ ಇಟ್ಟೆ, ಮನೆಯಲ್ಲಿ ಅಮ್ಮ ಮೊದ್ಲು ಕೇಳುದು ಮೀನಿನ ಹೆಸರೇ ಅಲ್ವಾ. ಆದ್ರೆ ಇಲ್ಲಿ ದಾರಿ ಹುಡುಕುದು ಹೆಸರಿನ ಎದುರಿನ ತುಂಡು ನೋಡಿ, ಯಾವ ಪ್ರಿಫಿಕ್ಸ್ ಹೆಚ್ಚು ಉದ್ದಕ್ಕೆ ಹೊಂದ್ತದೋ ಆ ಕಡೆಗೆ ಕಳಿಸ್ತದೆ, ಹಾಗಾಗಿ ಒಂದೊಂದು ಮೀನಿಗೂ ಎರಡೆರಡು ಕಡೆ ರೂಟ್ ಹಾಕ್ಬೇಕಾಯ್ತು, ಭಾವ ಒಂದಿನ ಮಾಂಜಿ ಸೇರಿಸಿದ್ರು, ಅದ್ರ ಇಂಟರೆಸ್ಟ್ ಮನೆ ಬಿಟ್ಟು ಹೊರಗೇ ಹೋಗ್ಲಿಲ್ಲ. ತಿರುಗಿಸಿ /ಮಲ್ಪೆ/ಬಂಗುಡೆ ಮಾಡಿದೆ, /ಮಲ್ಪೆ ಅಂತ ಒಂದೇ ರೂಟಲ್ಲಿ ಎಲ್ಲಾ ಮೀನೂ ಬಂತು.

ತುಂಬ ತಲೆ ತಿಂದದ್ದು ಮಧ್ಯಾಹ್ನದ ರೇಟು. ಭಾವ ಹೊಸ ರೇಟು ಹಾಕಿದ್ರೂ ನನಗೆ ಬರುದು ಬೆಳಿಗ್ಗೆದೇ, ಯಾಕಂದ್ರೆ ಸುರತ್ಕಲ್ ಪೈ ಅದನ್ನ ಕಂಟೆಂಟ್ ಸ್ಟೋರಲ್ಲಿ (ದಾಟಿ ಹೋದ ಡೇಟಾದ ಕಾಪಿ ಇಡುವ ಜಾಗ) ಇಟ್ಕೊಂಡು ಅಲ್ಲಿಂದಲೇ ಕೊಡ್ತಿತ್ತು. ಪ್ಯಾಕೆಟಿನ ಡಿಜಿಟಲ್ ಸಹಿಯೂ ಸರಿ ಉಂಟು, ಸಹಿ ಹಾಕುದು ಹೆಸರು ಮತ್ತೆ ಡೇಟಾ ಎರಡೂ ಸೇರಿಸಿ ಅಲ್ವಾ, ಹಳೇ ಪ್ಯಾಕೆಟ್ ಸುಳ್ಳೇನಲ್ಲ. ತಪ್ಪು ನಂದು, ಒಂದು ಹೆಸರಿಗೆ ಒಂದೇ ಡೇಟಾ, ಬದಲಾದ್ರೆ ಹೆಸರೂ ಬದಲಾಗ್ಬೇಕು ಮಾರಾಯ್ರೆ. ಕೊನೆಗೆ ಟೈಮ್‌ಸ್ಟಾಂಪನ್ನೇ (ರೇಟು ಹಾಕಿದ ಹೊತ್ತನ್ನೇ) ಹೆಸರಿಗೆ ವರ್ಷನ್ ತುಂಡಾಗಿ ಸೇರಿಸಿದೆ. ಹೊಸತ್ತು ಬೇಕಾದಾಗ ವರ್ಷನ್ ಗೊತ್ತಿರುದಿಲ್ಲ, ಅದಕ್ಕೆ /ಮಲ್ಪೆ/ಬಂಗುಡೆ ಅಂತ ಮಾತ್ರ ಕೇಳಿ ಕ್ಯಾನ್‌ಬಿಪ್ರಿಫಿಕ್ಸ್ (ಇದ್ರಿಂದ ಶುರುವಾಗುವ ಉದ್ದ ಹೆಸರಾದ್ರೂ ಆದೀತು), ಮಸ್ಟ್‌ಬಿಫ್ರೆಶ್ (ಹಳತಾದ ಕಾಪಿ ಬೇಡ) ಎರಡೂ ಹಾಕುದು, ಫ್ರೆಶ್‌ನೆಸ್ ಪಿರಿಯಡ್ (ಕಾಪಿ ಹೊಸತ್ತು ಅಂತ ಲೆಕ್ಕ ಇರುವ ಹೊತ್ತು) 600000 ಮಿಲಿಸೆಕೆಂಡ್, ಅಂದ್ರೆ 10 ನಿಮಿಷ ಇಟ್ಟಿದ್ದೇನೆ, ಅಷ್ಟು ಹಿಂದಿನ ರೇಟು ಬಂದ್ರೆ ನಮಗೆ ತೊಂದ್ರೆ ಇಲ್ಲ.

ಮತ್ತೆ ಕನ್ನಡ. ಹೆಸರಿನ ತುಂಡಲ್ಲಿ ಯಾವ ಬೈಟ್ ಬೇಕಾದ್ರೂ ಇಡ್ಬಹುದು, ಯುಟಿಎಫ್-8ರಲ್ಲಿ (ಅಕ್ಷರವನ್ನ ಬೈಟ್ ಮಾಡಿ ಇಡುವ ಕ್ರಮ) ಬಂಗುಡೆ 18 ಬೈಟ್ ಆಗ್ತದೆ, ಓಡ್ತದೆ. ಆದ್ರೆ ಹೋಲಿಸುದು ಬೈಟಿಗೆ ಬೈಟ್. ಭಾವ ಬೂತಾಯಿ ಅಂತ ಟೈಪ್ ಮಾಡಿ ನಾನು ಬುತಾಯಿ ಅಂತ ಕೇಳಿದ್ರೆ ಟೈಮ್‌ಔಟ್. ಸೀಗಡಿಯ ದೀರ್ಘ ಒಂದೇ ಕೋಡಾಗಿಯೂ ಬರ್ತದೆ, ಎರಡು ಕೋಡ್ ಸೇರಿಯೂ ಬರ್ತದೆ, ಕಣ್ಣಿಗೆ ಒಂದೇ, ನೆಟ್‌ವರ್ಕಿಗೆ ಬೇರೆ ಬೇರೆ. ಈಗ ಎರಡೂ ಕಡೆ ಎನ್‌ಎಫ್‌ಸಿಗೆ (ಇಂಥದ್ದನ್ನ ಕೂಡಿಸಿ ಬರೆಯುವ ಯುನಿಕೋಡ್ ರೂಪ) ನಾರ್ಮಲೈಸ್ ಮಾಡ್ತೇನೆ, ಅಂದ್ರೆ ಒಂದೇ ರೂಪಕ್ಕೆ ತರ್ತೇನೆ. ಪಕ್ಕದ ಮನೆಯ ಕೊಂಕಣಿಯವರು ಬೂತಾಯಿಗೆ ತಾರ್ಲೆ ಅಂತಾರೆ, ಅವರೂ ಕೇಳ್ಬೇಕಲ್ಲ, ಅದಕ್ಕೆ ಮನೆ ಆ್ಯಪಲ್ಲೇ ಒಂದು ಪಟ್ಟಿ ಇಟ್ಟು ತಾರ್ಲೆಯನ್ನ ಬೂತಾಯಿ ಮಾಡಿಯೇ ಇಂಟರೆಸ್ಟ್ ಕಳಿಸುದು.